ಗಿರಣಿಯ ಲೈಟು ಮತ್ತು ನೀಲಿ ವೈರಿನ ಕಥೆ

ಹೋದ ತಿಂಗಳು ಊರಿಗೆ ಹೋಗಿದ್ದೆ. ಊರು ಅಂದ್ರೆ ಅಂಬ್ಲಿಗೊಳ. ಶಿಕಾರಿಪುರ-ಸೊರಬದ ಕಡೆಯವರಿಗೆ ಬಿಟ್ಟರೆ ಉಳಿದವರಿಗೆ ಒಂದು ಡ್ಯಾಮಿನ ಹೆಸರಾಗಿ ಮಾತ್ರ ಗೊತ್ತಿರಬಹುದು, ಅದೂ ಮಳೆಗಾಲದಲ್ಲಿ ಪೇಪರಿನಲ್ಲಿ ಬಂದರೆ. ಅಲ್ಲಿ ನನ್ನ ಸೋದರಮಾವನದ್ದೊಂದು ಹಳೇ ಅಕ್ಕಿ ಗಿರಣಿ ಇದೆ. ಟ್ಯೂಬ್‌ಲೈಟ್ ಪಟ್ಟಿಗಳನ್ನೆಲ್ಲ ಕಿತ್ತು ಎಲ್ಇಡಿ ಹಾಕಿಸೋಣ ಅಂತ ಮಾವ ಶಿವಮೊಗ್ಗದಿಂದ ಆರು ದೊಡ್ಡ ಲೈಟು ತಂದಿದ್ದರು.

ವೈರಿಂಗ್ ಮಾಡೋಕೆ ಬಂದವರು ಹಿರಿಯರು. 70ರ ದಶಕದಲ್ಲಿ ಇದೇ ಗಿರಣಿಗೆ ಮೊದಲ ವೈರಿಂಗ್ ಮಾಡಿದವರ ಮಗ. ಅವರು ಊಟಕ್ಕೆ ಹೋದಾಗ ಜೊತೆಯಲ್ಲಿದ್ದ ಹುಡುಗ ಡಬ್ಬಿಯಿಂದ ಒಂದು ಚೀಟಿ ತೆಗೆದು ನನಗೆ ಕೊಟ್ಟ.

"ಅಣ್ಣ, ಇದ್ರಾಗೆ ಏನ್ ಬರ್ದಾರೆ ಸ್ವಲ್ಪ ನೋಡ್ರಿ."

ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ನಾನು ಇಂಜಿನಿಯರಿಂಗ್ ಓದಿದವನು, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಬೇರೆ. ಗತ್ತಿನಿಂದಲೇ ಓದಿದೆ. "ಕಂದು ಬಣ್ಣದ್ದು ಲೈನು, ನೀಲಿ ನ್ಯೂಟ್ರಲ್ಲು, ಹಸಿರು-ಹಳದಿ ಅರ್ಥು."

ಹುಡುಗ ಮೈನ್ ಆಫ್ ಮಾಡಿ ಏಣಿ ಹತ್ತಿದ. ಮೇಲಿನಿಂದ ಕೇಳಿದ. "ಕಂದು ವೈರಿಗೆ ಕೆಂಪು ಕೊಡ್ಲಾ?"

"ಕೊಡು."

"ನೀಲಿಗೆ ನೀಲಿನೇ ಐತಿ, ಕೊಡ್ಲಾ?"

"ನೀಲಿಗೆ ನೀಲಿ ಕೊಡೋದಪ್ಪ, ಅದರಲ್ಲಿ ಕೇಳೋದೇನು!"

ಅವನು ಇಳಿದು ಬಂದು ಸ್ವಿಚ್ ಹಾಕಿದ. 'ಟಪ್' ಅಂತ ಒಂದು ಸದ್ದು, ಸುಟ್ಟ ವಾಸನೆ, ಸಣ್ಣಗೆ ಹೊಗೆ. ಎರಡೂವರೆ ಸಾವಿರದ ಲೈಟು ಒಂದು ಸೆಕೆಂಡೂ ಬೆಳಗದೆ ಹೋಯ್ತು. ಊಟ ಮುಗಿಸಿ ಬಂದ ಹಿರಿಯರು ಮೇಲೆ ನೋಡಿದರು, ನನ್ನ ಕೈಯಲ್ಲಿದ್ದ ಚೀಟಿ ನೋಡಿದರು, ಆಮೇಲೆ ತಣ್ಣಗೆ ಹೇಳಿದರು.

"ನೀಲಿ ಅಂದ್ರೆ ಬಿ ಫೇಸ್ ಅಲ್ರೀ ಇಂಜಿನಿಯರ್ರೇ? ನ್ಯೂಟ್ರಲ್ಲು ಕಪ್ಪು."

ಹುಡುಗ ಆಗ ಏಣಿ ಮೇಲೆ ಇರಲಿಲ್ಲ ಅನ್ನೋದೊಂದೇ ಸಮಾಧಾನ. ಚೀಟಿಯಲ್ಲಿ ಬರೆದಿದ್ದು ಸುಳ್ಳಲ್ಲ. ಗಿರಣಿಯ ವೈರಿಂಗೂ ತಪ್ಪಲ್ಲ. ಹಾಗಾದರೆ ತಪ್ಪಾಗಿದ್ದು ಎಲ್ಲಿ? ಅವತ್ತು ರಾತ್ರಿಯಿಂದ ಇದರ ಹಿಂದೆ ಬಿದ್ದೆ. ನಮ್ಮ ತಾಲ್ಲೂಕಿನಲ್ಲಿ ತಾಳಗುಂದ, ಬಳ್ಳಿಗಾವಿ ಅಂತ ಹೆಜ್ಜೆಗೊಂದು ಶಾಸನ ಇದೆ, ಅದನ್ನು ಓದೋ ವಿದ್ವಾಂಸರೂ ಇದ್ದಾರೆ. ಲೈಟಿನ ಬೆನ್ನಿಗೆ ಅಂಟಿಸಿರೋ ಚೀಟಿಯೂ ಒಂದು ಥರ ಶಾಸನವೇ ಅಂತ ನನಗೆ ಗೊತ್ತಾಗಿದ್ದು ಆಗ. ಅದರಲ್ಲಿರೋ ಒಂದೊಂದು ಅಂಕಿಯೂ ಯಾರೋ ಯಾವತ್ತೋ ಮಾಡಿಕೊಂಡ ರಾಜಿ.

ಮೊದಲು ಬಣ್ಣದ ವಿಷಯ.

ಕೆಂಪು, ಹಳದಿ, ನೀಲಿ ಮೂರು ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ನಮ್ಮ ಯಾವ ವೈರ್‌ಮನ್ನನ್ನು ಕೇಳಿದರೂ ನಿದ್ದೆಯಲ್ಲೂ ಹೇಳ್ತಾರೆ. ಆರ್-ವೈ-ಬಿ ಅನ್ನೋದು ಅವರಿಗೆ ಅ-ಆ-ಇ-ಈ ಇದ್ದ ಹಾಗೆ. ಇದು ನಮಗೆ ಬ್ರಿಟಿಷರಿಂದ ಬಂದ ಪದ್ಧತಿ. ಆದರೆ ಪ್ರಪಂಚದಲ್ಲೆಲ್ಲ ಹೀಗಿರಲಿಲ್ಲ. ಅಮೆರಿಕದಲ್ಲಿ ಕಪ್ಪು ಅಂದರೆ ಲೈನು, ಮುಟ್ಟಿದರೆ ಹೊಡೆಯುತ್ತೆ. ಬಿಳಿ ಅಲ್ಲಿ ನ್ಯೂಟ್ರಲ್. ಜರ್ಮನಿಯದ್ದು ಇನ್ನೂ ಭಯಂಕರ. ಅಲ್ಲಿ 1965ರವರೆಗೆ ಕೆಂಪು ತಂತಿಯನ್ನು ಅರ್ಥಿಂಗಿಗೆ ಬಳಸುತ್ತಿದ್ದರು! ಅಂದರೆ ಜರ್ಮನಿಯಲ್ಲಿ ತಯಾರಾದ ಇಸ್ತ್ರಿ ಪೆಟ್ಟಿಗೆಗೆ ಇಂಗ್ಲೆಂಡಿನವನೊಬ್ಬ ತನ್ನ ಅಭ್ಯಾಸದ ಪ್ರಕಾರ ಪ್ಲಗ್ ಹಾಕಿದರೆ, ಇಸ್ತ್ರಿ ಪೆಟ್ಟಿಗೆಯ ಮೈಗೇ ಕರೆಂಟು.

ದೇಶ ದೇಶಗಳ ನಡುವೆ ಸಾಮಾನು ಓಡಾಡೋಕೆ ಶುರುವಾದ ಮೇಲೆ ಇದು ನಡೆಯೋ ಮಾತಲ್ಲ ಅಂತಾಯ್ತು. ಅದಕ್ಕೆ ಯುರೋಪಿನವರು ಕೂತು ಹಳೇ ಜಗಳದ ಬಣ್ಣಗಳನ್ನು ಬಿಟ್ಟು ಬೇರೆ ಆರಿಸಿಕೊಂಡರು. ಕಂದು ಲೈನು, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದ್ದು ಅರ್ಥ್. ಕೆಂಪು-ಹಸಿರು ಗುರುತಿಸೋಕೆ ಆಗದ ಬಣ್ಣಗುರುಡು ಇರುವವರಿಗೂ ಪಟ್ಟೆ ಕಾಣುತ್ತೆ ಅನ್ನೋ ಅನುಕೂಲವೂ ಇದರಲ್ಲಿದೆ. ಬ್ರಿಟನ್ನು 1969ರ ಕಾನೂನಿನಲ್ಲಿ ಉಪಕರಣಗಳ ಬಳ್ಳಿ ವೈರಿಗೆ ಈ ಬಣ್ಣಗಳನ್ನು ಒಪ್ಪಿಕೊಂಡಿತು. ಆದರೆ ಗೋಡೆಯೊಳಗಿನ ವೈರಿಂಗ್ ಮಾತ್ರ ಹಳೇ ಕೆಂಪು-ಕಪ್ಪಿನಲ್ಲೇ ಮುಂದುವರೀತು, 2004ರವರೆಗೆ.

ನಾವು ಇವತ್ತಿಗೂ ನಿಂತಿರೋದು ಹೆಚ್ಚುಕಡಿಮೆ ಅದೇ ಜಾಗದಲ್ಲಿ. ಕಟ್ಟಡದ ವೈರಿಂಗಿನಲ್ಲಿ ನೀಲಿ ಅಂದರೆ ಫೇಸು. ಡಬ್ಬಿಯಲ್ಲಿ ಬರೋ ಲೈಟಿನಲ್ಲಿ ನೀಲಿ ಅಂದರೆ ನ್ಯೂಟ್ರಲ್. ಎರಡೂ ಸರಿ. ಎರಡನ್ನೂ ಸೇರಿಸುವ ಜಂಕ್ಷನ್ ಬಾಕ್ಸಿನೊಳಗೆ ಮಾತ್ರ ತಪ್ಪು.

ಮನೆಗಳಲ್ಲಿ ಈ ತೊಂದರೆ ಅಷ್ಟಾಗಿ ಬರೋಲ್ಲ. ಹೆಚ್ಚಿನ ಮನೆಗಳಿಗೆ ಬರೋದು ಒಂದೇ ಫೇಸು. ನೀಲಿ ತಂತಿ ಛಾವಣಿಯಲ್ಲಿ ಕಾಣೋದೇ ಕಡಿಮೆ. ಗಿರಣಿ, ಗೋಡೌನು, ದೊಡ್ಡ ಅಂಗಡಿ, ಕಲ್ಯಾಣ ಮಂಟಪಗಳ ಕಥೆ ಬೇರೆ. ಅಲ್ಲಿ ಲೈಟುಗಳನ್ನೂ ಮೂರು ಫೇಸಿಗೆ ಹಂಚಿರುತ್ತಾರೆ. ಯಾಕೆ ಅಂತ ಹಿರಿಯರನ್ನು ಕೇಳಿದೆ.

"ಲೋಡು ಸಮ ಆಗ್ಲಿ ಅಂತ. ಇನ್ನೊಂದು ಕಾರಣ ನಮ್ಮಪ್ಪ ಹೇಳ್ತಿದ್ರು. ಎಲ್ಲಾ ಟ್ಯೂಬು ಒಂದೇ ಫೇಸಿಗೆ ಕೊಟ್ರೆ ತಿರುಗೋ ಚಕ್ರ ನಿಂತಂಗೆ ಕಾಣ್ತದಂತೆ. ನಿಂತೈತಿ ಅಂತ ಯಾರಾದ್ರೂ ಕೈ ಹಾಕಿದ್ರೆ?"

ಮೈ ಜುಂ ಅಂತು. ನಿಜ ಕೂಡ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡುತ್ತೆ. ಪ್ರತಿ ಸಲಕ್ಕೆ ಎರಡು ಬಾರಿ ಸೊನ್ನೆಗೆ ಬರುತ್ತೆ. ಹಾಗಾಗಿ ಹಳೇ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತೆ. ಕಣ್ಣಿಗೆ ಗೊತ್ತಾಗಲ್ಲ. ಆದರೆ ಚಕ್ರದ ಅರಗಳು ತಿರುಗೋ ವೇಗ ಈ ಮಿಣುಕಿಗೆ ಸರಿಹೊಂದಿಬಿಟ್ಟರೆ, ಪ್ರತಿ ಸಲ ಬೆಳಕು ಬಿದ್ದಾಗಲೂ ಒಂದು ಅರ ಅದೇ ಜಾಗದಲ್ಲಿರುತ್ತೆ. ಓಡುತ್ತಿರೋ ಚಕ್ರ ನಿಂತ ಹಾಗೆ ಕಾಣುತ್ತೆ. ಪಕ್ಕಪಕ್ಕದ ಲೈಟು ಬೇರೆಬೇರೆ ಫೇಸಿನಲ್ಲಿದ್ದರೆ ಒಂದು ಮಂಕಾದಾಗ ಇನ್ನೊಂದು ಬೆಳಗಿರುತ್ತೆ, ಮೋಸ ಆಗಲ್ಲ. ಅಂದರೆ ನನ್ನ ಲೈಟು ಸುಟ್ಟ ಆ ನೀಲಿ ತಂತಿ ಅಲ್ಲಿದ್ದಿದ್ದೇ ಯಾರದೋ ಕೈ ಉಳಿಸೋಕೆ!

ಚೀಟಿಯ ಎರಡನೇ ಸಾಲಿಗೆ ಬಂದೆವು ನೋಡಿ: 50/60 ಹರ್ಟ್ಜ್.

ಈ 50 ಎಲ್ಲಿಂದ ಬಂತು? ನಮ್ಮ ಕರ್ನಾಟಕದಲ್ಲಿ ಶುರುವಾಗಿದ್ದು 50ರಿಂದ ಅಲ್ಲ, 25ರಿಂದ. ಶಿವನಸಮುದ್ರದ ಕಥೆ ನಿಮಗೆಲ್ಲ ಗೊತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದ ಯೋಜನೆ. ಅವರು 1901ರಲ್ಲಿ ತೀರಿಕೊಂಡರು. 1902ರ ಜೂನ್ 30ರಂದು ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿದದ್ದನ್ನು ಅವರು ನೋಡಲೇ ಇಲ್ಲ. 92 ಮೈಲಿ ಉದ್ದದ ಲೈನು, 35,000 ವೋಲ್ಟು. ಆಗಿನ ಪ್ರಪಂಚದ ಅತಿ ಉದ್ದದ ಲೈನುಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದಿದ್ದು ಅದಾಗಿ ಮೂರು ವರ್ಷಕ್ಕೆ, 1905ರ ಆಗಸ್ಟ್ 5ಕ್ಕೆ. ಚಿನ್ನ ಮೊದಲು, ಬೀದಿ ದೀಪ ಆಮೇಲೆ.

ಆ ಕರೆಂಟು ಸೆಕೆಂಡಿಗೆ 25 ಸೈಕಲ್‌ನದ್ದು. 25 ಯಾಕೆ ಅಂದರೆ ಅದರ ಬೇರು ಅಮೆರಿಕದ ನಯಾಗರಾ ಜಲಪಾತದಲ್ಲಿದೆ. 1895ರಲ್ಲಿ ಅಲ್ಲಿ ಕೂರಿಸಿದ ಟರ್ಬೈನುಗಳು ನಿಮಿಷಕ್ಕೆ 250 ಸುತ್ತಿನವು. ಟರ್ಬೈನು ಮೊದಲೇ ನಿರ್ಧಾರ ಆಗಿಬಿಟ್ಟಿತ್ತು. ಅದಕ್ಕೆ 8 ಧ್ರುವದ ಜನರೇಟರ್ ಹಾಕಿದರೆ 16.67 ಸೈಕಲ್ ಬರುತ್ತೆ, 16 ಧ್ರುವದ್ದು ಹಾಕಿದರೆ 33.33. ಒಂದು ಗುಂಪು ಅದು ಬೇಕು ಅಂತು, ಇನ್ನೊಂದು ಇದು ಬೇಕು ಅಂತು. ಕೊನೆಗೆ ನಡುವಿನ 12 ಧ್ರುವ, 25 ಸೈಕಲ್ ಅಂತ ರಾಜಿಯಾಯ್ತು. ಮೋಟಾರಿಗೆ ಅದು ಚೆನ್ನಾಗಿತ್ತು. ಗಣಿಗೆ ಬೇಕಿದ್ದಿದ್ದೂ ಮೋಟಾರೇ. ಬೆಳಕಿಗೆ ಮಾತ್ರ ಅಲ್ಲ. 25 ಸೈಕಲ್ಲಿನಲ್ಲಿ ದೀಪ ಸೆಕೆಂಡಿಗೆ 50 ಸಲ ಮಿಣುಕುತ್ತೆ. ಸಣ್ಣ ಎಳೆಯ ಬಲ್ಬಿನಲ್ಲಿ ಅದು ಕಣ್ಣಿಗೆ ತಿಳಿಯುವಂಥದ್ದು.

ಅತ್ತ ಜರ್ಮನಿಯ ಕಂಪನಿಗಳು 50ನ್ನು ಹಿಡಿದವು, ಅಮೆರಿಕ 60ಕ್ಕೆ ಹೋಯ್ತು. ನಮ್ಮಲ್ಲೂ ಕೊನೆಗೆ 50 ಗೆದ್ದಿತು. 1948ರಲ್ಲಿ ಜೋಗದ ವಿದ್ಯುದಾಗಾರ ಬಂತು, 120 ಮೆಗಾವ್ಯಾಟ್. 1964ರಿಂದ ಶರಾವತಿ. ಇವತ್ತು ಶಿವನಸಮುದ್ರವೂ ಜೋಗವೂ ಒಂದೇ ತಾಳಕ್ಕೆ, ಸೆಕೆಂಡಿಗೆ 50ಕ್ಕೆ ತಿರುಗುತ್ತವೆ. ಅಂದಹಾಗೆ ಹರ್ಟ್ಜ್ ಅನ್ನೋ ಹೆಸರು ಅಧಿಕೃತವಾಗಿ ಅಂತರರಾಷ್ಟ್ರೀಯ ಮಾನಗಳಿಗೆ ಸೇರಿದ್ದು 1960ರಲ್ಲಿ. ಅದಕ್ಕೇ ಹಳೇ ಮೋಟಾರಿನ ಮೇಲೆ ಸೈಕಲ್ಸ್ ಅಂತಿರುತ್ತೆ.

ಹಳೇ ಚೋಕಿಗೆ ಈ ಅಂಕಿ ಜೀವನ್ಮರಣದ ಪ್ರಶ್ನೆ. ಚೋಕ್ ಎಷ್ಟು ಕರೆಂಟು ತಡೆಯುತ್ತೆ ಅನ್ನೋದು ಸೈಕಲ್ ಮೇಲೆ ನಿಂತಿದೆ. 60ಕ್ಕೆ ಮಾಡಿದ ಚೋಕನ್ನು 50ಕ್ಕೆ ಹಾಕಿದರೆ ಹೆಚ್ಚು ಕರೆಂಟು ಹರಿದು ಬಿಸಿಯಾಗುತ್ತೆ. ಎಲ್ಇಡಿ ಡ್ರೈವರ್ ಒಳಗೆ ಬಂದ ಕರೆಂಟನ್ನು ಮೊದಲು ಡಿಸಿ ಮಾಡಿಕೊಳ್ಳೋದರಿಂದ ಅದಕ್ಕೆ 50 ಆದರೇನು, 60 ಆದರೇನು. ಒಂದು ಓರೆ ಗೆರೆ ಎಳೆದು ಎರಡನ್ನೂ ಬರೆದುಬಿಟ್ಟಿದ್ದಾರೆ.

ಇನ್ನು ಮೊದಲ ಸಾಲು: 220-240 ವೋಲ್ಟು.

1882ರಲ್ಲಿ ಎಡಿಸನ್ ನ್ಯೂಯಾರ್ಕಿನಲ್ಲಿ ಕರೆಂಟು ಹಂಚೋಕೆ ಶುರು ಮಾಡಿದಾಗ 110 ವೋಲ್ಟಿನ ಆಸುಪಾಸು. ಅವನ ಇಂಗಾಲದ ಎಳೆಯ ಬಲ್ಬಿಗೆ ಅದು ಹೊಂದುತ್ತಿತ್ತು, ಅಷ್ಟೇ. ಮುಂದೆ 220ರ ಬಲ್ಬು ಮಾಡೋಕೆ ಬಂದಾಗ ಯುರೋಪಿನ ಕಂಪನಿಗಳು ಲೆಕ್ಕ ಹಾಕಿದವು. ವೋಲ್ಟು ಎರಡು ಪಟ್ಟಾದರೆ ಕರೆಂಟು ಅರ್ಧ, ಅಷ್ಟೇ ನಷ್ಟಕ್ಕೆ ತಾಮ್ರ ಕಾಲು ಭಾಗ ಸಾಕು. ಬರ್ಲಿನ್ನಿನ ಕಂಪನಿ 1899ರಲ್ಲಿ 220ಕ್ಕೆ ಹೊರಳಿತು. ಅಮೆರಿಕದಲ್ಲಿ ಅಷ್ಟರಲ್ಲಿ 110ರ ಬಲ್ಬುಗಳು ಮನೆಮನೆ ಸೇರಿಬಿಟ್ಟಿದ್ದವು, ಅವರು ಅಲ್ಲೇ ಉಳಿದರು. ಬ್ರಿಟನ್ 240ಕ್ಕೆ ಬಂದು ನಿಂತಿತು. ನಮ್ಮ ಹಳೇ ಭಾರತೀಯ ಮಾನಕಗಳಲ್ಲೂ ಒಂದು ಫೇಸಿಗೆ 240, ಎರಡು ಫೇಸಿನ ಮಧ್ಯೆ 415.

1983ರಲ್ಲಿ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ 220ಕ್ಕೂ 240ಕ್ಕೂ ನಡುವೆ 230 ಅಂತ ಒಂದು ಅಂಕಿ ಇಟ್ಟಿತು. ತಮಾಷೆ ನೋಡಿ, ಬ್ರಿಟನ್ 1995ರ ಜನವರಿ 1ಕ್ಕೆ ತಮ್ಮದು 230 ಅಂತ ಘೋಷಿಸಿತು, ಆದರೆ ಯಾವ ಟ್ರಾನ್ಸ್‌ಫಾರ್ಮರನ್ನೂ ಮುಟ್ಟಲಿಲ್ಲ. ಏರಿಳಿತದ ಮಿತಿಯನ್ನು ಹಿಗ್ಗಿಸಿಕೊಂಡರು, ಅಷ್ಟೇ. ಅಂಕಿ ಬದಲಾಯ್ತು, ಕರೆಂಟು ಬದಲಾಗಲಿಲ್ಲ. ನಮ್ಮ ಮಾವನ ಹಳೇ ಚೋಕಿನ ಮೇಲೆ 240 ಇತ್ತು, ಹೊಸ ಲೈಟಿನ ಮೇಲೆ 220-240. ಸಂಜೆ ಪಂಪ್‌ಸೆಟ್ಟುಗಳು ಓಡುವಾಗ ಟ್ಯೂಬು ಹೊತ್ತದೆ ಬರೀ ಮಿಣಮಿಣ ಅನ್ನುತ್ತಿದ್ದ ಕಾಲ ನೋಡಿದವರಿಗೆ ಈ ಅಂಕಿಗಳನ್ನೆಲ್ಲ ಓದಿದರೆ ನಗು ಬರುತ್ತೆ. :-)

ಆದರೆ ನನ್ನ ಲೈಟು ಸತ್ತಿದ್ದು ಈ ಸಾಲಿನಲ್ಲೇ. ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230 ಇದ್ದರೆ, ಒಂದು ಫೇಸಿಗೂ ಇನ್ನೊಂದು ಫೇಸಿಗೂ ನಡುವೆ ಅದರ 1.732 ಪಟ್ಟು, ಅಂದರೆ ಹತ್ತಿರ ಹತ್ತಿರ 400. ನಾನು ಕೆಂಪನ್ನೂ ನೀಲಿಯನ್ನೂ ಕೊಡಿಸಿದ್ದೆ. ಡ್ರೈವರಿನ ಒಳಗೆ ಅದು ಡಿಸಿ ಆದಾಗ ತುದಿ 566 ವೋಲ್ಟು ಮುಟ್ಟುತ್ತೆ. ಅಲ್ಲಿರೋ ಕೆಪಾಸಿಟರ್ ಸಾಮಾನ್ಯವಾಗಿ 400ಕ್ಕೋ 450ಕ್ಕೋ ತಡೆಯುವಂಥದ್ದು. ಆ 'ಟಪ್' ಅದರದ್ದೇ. ಊರಲ್ಲಿ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಕಿತ್ತುಹೋದ ದಿನ ಸಾಲುಸಾಲು ಟಿವಿಗಳು ಸುಡೋದೂ ಇದೇ ಲೆಕ್ಕಕ್ಕೆ. ನ್ಯೂಟ್ರಲ್ ಇಲ್ಲದಿದ್ದರೆ ಎರಡು ಫೇಸಿನ 400 ವೋಲ್ಟು ಮನೆಮನೆಗಳ ಸಾಮಾನಿನ ನಡುವೆ ಅಡ್ಡಾದಿಡ್ಡಿ ಹಂಚಿಹೋಗುತ್ತೆ.

ಚೀಟಿಯಲ್ಲಿ ಇನ್ನೂ ಒಂದೆರಡು ಸಾಲಿವೆ. ಪವರ್ ಫ್ಯಾಕ್ಟರ್ 0.9ಕ್ಕಿಂತ ಹೆಚ್ಚು ಅನ್ನೋದು ಒಂದು. ಹಳೇ 40 ವ್ಯಾಟಿನ ಟ್ಯೂಬಿನ ಚೋಕ್ ಮೇಲೆ 0.43 ಆಂಪಿಯರ್ ಅಂತಿರುತ್ತಿತ್ತು. 230ರಿಂದ ಗುಣಿಸಿ ನೋಡಿ, 99 ಬರುತ್ತೆ. ಉರಿಯೋದು ಚೋಕಿನ ನಷ್ಟ ಸೇರಿ ಐವತ್ತು ಚಿಲ್ಲರೆ ವ್ಯಾಟು, ತಂತಿಯಲ್ಲಿ ಹರಿಯೋದು ಅದರ ಎರಡು ಪಟ್ಟಿಗೆ ಆಗುವಷ್ಟು. ಅದನ್ನು ಸರಿದೂಗಿಸೋಕೇ ಪಟ್ಟಿಯೊಳಗೆ ಒಂದು ಕಂಡೆನ್ಸರ್ ಇಡುತ್ತಿದ್ದರು. ಕಡಿಮೆ ಬೆಲೆಯ ಪಟ್ಟಿಯಲ್ಲಿ ಮೊದಲು ಮಾಯವಾಗುತ್ತಿದ್ದಿದ್ದೂ ಅದೇ.

ಇನ್ನೊಂದು ಸಾಲು ಕ್ಲಾಸ್ ಒಂದು. ಅಂದರೆ ಲೋಹದ ಮೈ ಇರೋ ಲೈಟು, ಅರ್ಥಿಂಗ್ ಕೊಡಲೇಬೇಕು. ಎರಡು ಚೌಕ, ಒಂದರೊಳಗೊಂದು ಇದ್ದರೆ ಮಾತ್ರ ಅರ್ಥಿಂಗ್ ಬೇಡ. ಆಮೇಲೆ ಐಪಿ 65. ಅದರಲ್ಲಿ 6 ಅಂದರೆ ಧೂಳು ಒಳಹೋಗಲ್ಲ, 5 ಅಂದರೆ ನೀರಿನ ಪೈಪು ಹಿಡಿದರೂ ತಡೆಯುತ್ತೆ. ತೌಡು-ಹೊಟ್ಟಿನ ಧೂಳು ಹಾರುವ ಗಿರಣಿಗೆ ಆ 6 ಎಷ್ಟು ಮುಖ್ಯ ಅಂತ ಅಂಗಡಿಯಲ್ಲಿ ಯಾರೂ ಮಾವನಿಗೆ ಹೇಳಿರಲಿಲ್ಲ. ಪುಣ್ಯಕ್ಕೆ ಸರಿಯಾದ್ದೇ ಸಿಕ್ಕಿತ್ತು.

ಉಳಿದ ಐದು ಲೈಟುಗಳನ್ನು ಮರುದಿನ ಹಿರಿಯರೇ ನಿಂತು ಹಾಕಿಸಿದರು. ಕಂದು ವೈರಿಗೆ ಒಂದೊಂದು ಲೈಟಿಗೆ ಒಂದೊಂದು ಫೇಸು, ನೀಲಿ ವೈರಿಗೆ ಕಪ್ಪು. ಪ್ರತಿ ಸಲ ಸೇರಿಸುವ ಮೊದಲು ಮೀಟರ್ ಹಿಡಿದು ಕರೆಂಟು ಬಿಟ್ಟು ನೋಡಿ, 230 ಬಂದ ಮೇಲೆ ಮತ್ತೆ ಆಫ್ ಮಾಡಿ ಸೇರಿಸಿದರು. ಅವರು ಓದಿದ್ದು ಏಳನೇ ಕ್ಲಾಸು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ ಬಂದ ನಾನು ಟಾರ್ಚ್ ಹಿಡಿದು ನಿಂತಿದ್ದೆ.

ಬ್ರಿಟನ್ 2004ರಲ್ಲಿ ಗೋಡೆಯ ವೈರಿಂಗನ್ನೂ ಹೊಸ ಬಣ್ಣಕ್ಕೆ ಬದಲಾಯಿಸಿದಾಗ ಫೇಸುಗಳಿಗೆ ಕಂದು, ಕಪ್ಪು, ಬೂದು ಅಂತಾಯ್ತು, ನ್ಯೂಟ್ರಲ್ಲಿಗೆ ನೀಲಿ. ಅಂದರೆ ಹಳೇ ನ್ಯೂಟ್ರಲ್ಲಿನ ಬಣ್ಣ ಫೇಸಿಗೆ, ಹಳೇ ಫೇಸಿನ ಬಣ್ಣ ನ್ಯೂಟ್ರಲ್ಲಿಗೆ ಹೋಯ್ತು. ಅಪಾಯ ಅವರಿಗೂ ಗೊತ್ತಿತ್ತು. ಹಳೇದು ಹೊಸದು ಎರಡೂ ಇರುವ ಕಟ್ಟಡದ ಬೋರ್ಡಿನ ಮೇಲೆ, ಇಲ್ಲಿ ಎರಡು ಬಗೆಯ ಬಣ್ಣದ ವೈರಿಂಗ್ ಇದೆ, ಎಚ್ಚರಿಕೆ ಅಂತ ಬರೆದು ಅಂಟಿಸಬೇಕು ಅಂತ ನಿಯಮ ಮಾಡಿದರು.

ಅದನ್ನು ಓದಿದ ಮೇಲೆ ನಾನೂ ಒಂದು ರಟ್ಟು ತಗೊಂಡು ಮಾರ್ಕರಿನಲ್ಲಿ ಕನ್ನಡದಲ್ಲಿ ಬರೆದೆ. "ಎಚ್ಚರಿಕೆ. ಈ ಗಿರಣಿಯಲ್ಲಿ ನೀಲಿ ತಂತಿ ಅಂದರೆ ಬಿ ಫೇಸ್. ಲೈಟಿನ ನೀಲಿ ತಂತಿಗೆ ಕಪ್ಪು ಕೊಡಿ. ಬಣ್ಣ ನಂಬಬೇಡಿ, ಟೆಸ್ಟರ್ ಹಿಡಿದು ನೋಡಿ."

ಹಿರಿಯರು ಓದಿ ತಲೆ ಅಲ್ಲಾಡಿಸಿದರು. "ಟೆಸ್ಟರ್ ಸಾಲ್ದು ಕಣ್ರೀ. ಟೆಸ್ಟರ್ ಫೇಸ್ ಐತೋ ಇಲ್ವೋ ಅಷ್ಟೇ ಹೇಳ್ತದೆ. 230 ಐತೋ 400 ಐತೋ ಅಂತ ಮೀಟರ್ರೇ ಹೇಳ್ಬೇಕು."

ಟೆಸ್ಟರ್ ಅನ್ನೋದನ್ನು ಹೊಡೆದುಹಾಕಿ ಮೀಟರ್ ಅಂತ ತಿದ್ದಿದೆ. ರಟ್ಟು ಈಗ ಮೈನ್ ಸ್ವಿಚ್ಚಿನ ಪಕ್ಕದಲ್ಲಿದೆ. ಆ ಹುಡುಗ ಅದರ ಫೋಟೋ ತೆಗೆದುಕೊಂಡು ಹೋದ. ಬೇರೆ ಕಡೆ ಕೆಲಸಕ್ಕೆ ಹೋದಾಗಲೂ ಅಂಟಿಸ್ತಾನಂತೆ.

ನಿಮ್ಮ ಊರಿನ ಗಿರಣಿ, ಗೋಡೌನು, ಅಂಗಡಿಯಲ್ಲಿ ಹೊಸ ಲೈಟು ಹಾಕಿಸುವವರಿದ್ದರೆ ದಯವಿಟ್ಟು ಈ ಒಂದು ಮಾತು ಹೇಳಿಬಿಡಿ. ಡಬ್ಬಿಯಲ್ಲಿ ಬರೋ ಆ ಚೀಟಿ ಕನ್ನಡದಲ್ಲೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ? ಹಾಗಿದ್ದಿದ್ದರೆ ಹುಡುಗ ತಾನೇ ಓದಿಕೊಳ್ಳುತ್ತಿದ್ದ. ನನ್ನಂಥ ಇಂಜಿನಿಯರ್ರನ್ನು ನಂಬುವ ಗತಿ ಅವನಿಗೆ ಬರುತ್ತಿರಲಿಲ್ಲ.